ರಸ್ತೆಯ ದುರಸ್ತಿ: ಗುತ್ತಿಗೆದಾರನನ್ನು ಕರೆಯಬೇಕಾದ ಕಾಲ
(ಜತ್ತ ತಾಲೂಕಿನ ಶೇಗಾಂವದ ಗ್ರಾಮಸ್ಥರಿಗಾಗಿ ಮಾಡಿದ ಭಾಷಣ)



1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಜತ್ತ ತಾಲೂಕು ಕನ್ನಡ ನಾಡಿನ ಹೊರಗುಳಿಯಿತು. 1967ರಲ್ಲಿ ಮಹಾಜನ ಆಯೋಗವು ಒಪ್ಪಿಸಿದ ವರದಿ ಇಂದಿಗೂ ಜಾರಿಗೆ ಬಂದಿಲ್ಲ. ಏಕೀಕರಣದ ಹಂಬಲವನ್ನು ನಾವು ಬಿಟ್ಟವರಲ್ಲ. ಆದರೆ ಗಡಿಯ ತೀರ್ಮಾನವಾಗಲಿ ಎಂದು ಹೆರಿಗೆಯ ನೋವು ಕಾಯುವುದಿಲ್ಲ. ತೋಟದ ದಾಳಿಂಬೆಯೂ ಕಾಯುವುದಿಲ್ಲ. ಆದುದರಿಂದ ಇಂದು ರಸ್ತೆಯ ಮಾತನ್ನು ಆಡುವೆವು.

ಎರೆಭೂಮಿಯ ಗುಣವನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಮಳೆಗೆ ಉಬ್ಬುವುದು, ಬಿಸಿಲಿಗೆ ಬಿರಿಯುವುದು. ಅಂಥಲ್ಲಿ ಕೆಳಗೆ ಗಟ್ಟಿಯಾದ ಗರಸಿನ ಹಾಸು, ಇಕ್ಕೆಲದಲ್ಲಿ ನೀರು ಹರಿಯಲು ಚರಂಡಿ ಇಲ್ಲದಿದ್ದರೆ ಮೇಲಿನ ಡಾಂಬರು ಎಷ್ಟು ದಿನ ಬಾಳೀತು?

ಸಾಮಾನ್ಯವಾಗಿ ಇಂಜಿನಿಯರರು ಅಂದಾಜುಪತ್ರಿಕೆ ಮಾಡುವರು, ಬಳಿಕ ಟೆಂಡರು ಕರೆಯುವರು. ಗುತ್ತಿಗೆದಾರನು ಬರುವುದು ಕಟ್ಟಕಡೆಗೆ. ಹಳ್ಳದ ಮೋರಿ ಸಾಲದೆಂದು ಆಗ ಅವನಿಗೆ ಕಂಡರೂ ಹಣ ಮೊದಲೇ ಗೊತ್ತಾಗಿರುತ್ತದೆ. ಕೆಲಸ ನಿಲ್ಲುತ್ತದೆ, ಇಲ್ಲವೆ ತಪ್ಪಿನೊಡನೆಯೇ ಮುಗಿಯುತ್ತದೆ. ಕಟ್ಟುವವನನ್ನು ಅಂದಾಜಿಗೆ ಮೊದಲೇ ಕೇಳಿದರೆ ಗರಸು ಎಲ್ಲಿ ದೊರೆಯುವುದು, ಯಾವ ತಿಂಗಳು ಕೆಲಸ ಹಿಡಿಯಬೇಕು ಎಂಬುದನ್ನು ಅವನು ಹೇಳಿಯಾನು. ನೀರು ಎಲ್ಲಿಯವರೆಗೆ ಏರಿತ್ತೆಂದು ನೀವು ತೋರಿಸಬಲ್ಲಿರಿ.

ಇದರಿಂದ ಒಳಸಂಚಿಗೆ ದಾರಿಯಾಗದೇ ಎಂದು ಕೇಳುವಿರಿ. ಒಬ್ಬನನ್ನೇ ಗುಟ್ಟಾಗಿ ಕರೆದರೆ ಆಗುವುದು ನಿಜ. ಕೆಲಸ ಬಯಸುವ ಎಲ್ಲರನ್ನೂ ಬಹಿರಂಗವಾಗಿ ಕರೆಯಬೇಕು, ಆಡಿದ ಮಾತನ್ನು ಬರೆದಿಡಬೇಕು. ಬೆಲೆಯ ನಿರ್ಣಯ ಟೆಂಡರಿನಲ್ಲಿಯೇ ಆಗತಕ್ಕದ್ದು.

2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ, ರಸ್ತೆಯ ನಕ್ಷೆ ಸಿದ್ಧವಾಗುವ ಮುನ್ನ ಅಧಿಕಾರಿಗಳು ಪಂಚಾಯತಿಯವರೊಡನೆ ದಾರಿಯುದ್ದಕ್ಕೂ ನಡೆದು ನೋಡಬೇಕೆಂಬ ನಿಯಮವಿದೆ. ಕಟ್ಟಿದ ಗುತ್ತಿಗೆದಾರನೇ 5 ವರ್ಷ ಅದನ್ನು ಕಾಪಾಡಬೇಕೆಂಬ ಕರಾರೂ ಇದೆ. ಐದು ವರ್ಷದ ಹೊಣೆ ಹೊರುವವರಿಗೆ ಮೊದಲ ದಿನದ ಆ ನಡಿಗೆಯಲ್ಲಿ ಸ್ಥಾನವಿರಬೇಡವೇ? ಊರಿನ ದುರಸ್ತಿಗಳಿಗೆಲ್ಲ ಇದೇ ಕ್ರಮ ಬರಲೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿರಿ.

ಆ ದಿನ ಎಲ್ಲವನ್ನೂ ಕನ್ನಡದಲ್ಲಿಯೂ ತಿಳಿಸಿರೆಂದು ಕೇಳಿರಿ. ತಿಳಿಯದ ನುಡಿಯಲ್ಲಿ ಹೇಳಿದ ಅಳತೆಯನ್ನು ಯಾರು ಪರೀಕ್ಷಿಸಬಲ್ಲರು? ಭಾರತದ ಸಂವಿಧಾನದ 350ನೆಯ ಅನುಚ್ಛೇದವು, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಕನ್ನಡದಲ್ಲಿಯೇ ಬರೆಯಿರಿ; ಪ್ರತಿಯೊಂದನ್ನು ನಿಮ್ಮಲ್ಲಿ ಇಟ್ಟುಕೊಳ್ಳಿರಿ.

ಈ ದಾರಿಯಲ್ಲಿ ನಡೆಯುವವರು ನಾವು. ಅದು ಕಾಗದಕ್ಕೆ ಇಳಿಯುವ ಮೊದಲೇ ನಮ್ಮ ಮಾತು ಅಲ್ಲಿಗೆ ಮುಟ್ಟಬೇಕು.

ಜಯ ಕರ್ನಾಟಕ!