ಕೊಂಬುಳ್ಳ ಮೀನಿನ ಕುಲಗೋತ್ರ



ನಮ್ಮ ಕರಾವಳಿಯವರು ತೊರಕೆ ಎಂದು ಕರೆಯುವ ಚಪ್ಪಟೆ ಮೀನನ್ನು ನೀವು ಬಲ್ಲಿರಿ. ಆ ಬಳಗದಲ್ಲಿ ಕಡಲ ತಳವನ್ನು ತೊರೆದು ಮೇಲಿನ ನೀರಿನಲ್ಲಿ ಹಕ್ಕಿಯಂತೆ ರೆಕ್ಕೆ ಬೀಸುತ್ತ ಸಾಗುವ ಒಂದು ಕುಲವಿದೆ. ಇಂಗ್ಲಿಷಿನವರು ಅದಕ್ಕಿಟ್ಟ ಹೆಸರು ‘ಡೆವಿಲ್ ರೇ’. ನಾವು ಸೈತಾನ ತೊರಕೆ ಎನ್ನೋಣ. ತಲೆಯ ಮುಂದೆ ಚಾಚಿರುವ ಎರಡು ಕೊಂಬುಗಳೇ ಈ ಅಪಕೀರ್ತಿಗೆ ಕಾರಣ. ವಾಸ್ತವವಾಗಿ ಅವು ಕೊಂಬುಗಳಲ್ಲ, ರೆಕ್ಕೆಯ ಮುಂಭಾಗವೇ ಬೇರ್ಪಟ್ಟು ಆದ ಮೆತ್ತನೆಯ ಹಾಳೆಗಳು. ಈಜುವಾಗ ಸುರುಳಿಗೊಳ್ಳುತ್ತವೆ, ಉಣ್ಣುವಾಗ ಬಿಚ್ಚಿಕೊಂಡು ನೀರನ್ನು ಬಾಯಿಯೆಡೆಗೆ ತಿರುಗಿಸುತ್ತವೆ. ಬೊಗಸೆಯೊಡ್ಡಿದ ಕೈಗಳನ್ನು ಕಂಡು ಮನುಷ್ಯ ಬೆದರಿದನೆನ್ನಬೇಕು! ಆ ಬಾಯಿಗೆ ಬೇಕಾದುದು ಪ್ಲವಕ, ಸಿಗಡಿಯಂಥ ಕಿರುಜೀವಿಗಳು, ಸಣ್ಣ ಮೀನು, ಇಷ್ಟೇ. ಕಿವಿರುಗಳ ಬಳಿಯ ಜರಡಿ ಅವನ್ನು ಸೋಸಿಕೊಡುತ್ತದೆ.

ಇದರ ಹಿರಿಯ ಬಂಧು ಮ್ಯಾಂಟಾ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಕಂಬಳಿ ಎಂದರ್ಥ. ದೊಡ್ಡ ಮ್ಯಾಂಟಾದ ಅಗಲ 7 ಮೀಟರ್ ಮುಟ್ಟಬಲ್ಲುದು. ಹಾಸಿದರೆ ನಮ್ಮಲ್ಲಿ ಅನೇಕರ ನಡುಮನೆ ಸಾಲದು. ಮ್ಯಾಂಟಾದ ಬಾಯಿ ತಲೆಯ ತುದಿಯಲ್ಲಿದೆ, ಸೈತಾನ ತೊರಕೆಯದು ತುಸು ಕೆಳಗಿದೆ. ಈ ಭೇದವನ್ನು ಹಿಡಿದು ವಿಜ್ಞಾನಿಗಳು ಬಹುಕಾಲ ಇವನ್ನು ಎರಡು ಕುಲಗಳೆಂದೇ ಎಣಿಸಿದ್ದರು. 2017ರಲ್ಲಿ ವಂಶವಾಹಿಗಳ ಸಾಕ್ಷ್ಯವನ್ನು ಪರಿಶೀಲಿಸಿದಾಗ ಮ್ಯಾಂಟಾ ಸಹ ಮೊಬುಲಾ ಎಂಬ ಒಂದೇ ಕುಲದೊಳಗೆ ಸೇರಿತು.

ಈ ಕುಲದ ಬಗ್ಗೆ ನನಗೆ ಅತ್ಯಂತ ವಿಸ್ಮಯ ತಂದ ಸಂಗತಿಯೊಂದುಂಟು. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ ಬಳಿ ಕೆಲವು ಚಿಲಿ ಸೈತಾನ ತೊರಕೆಗಳಿಗೆ ಯಂತ್ರ ಕಟ್ಟಿ ಬಿಟ್ಟಿದ್ದರು. ಮೇಲ್ಮೈಯಲ್ಲಿ ಬಿಸಿಲು ಕಾಯುವುದೇ ಇವುಗಳ ಕೆಲಸವೆಂದು ತಿಳಿದವರಿಗೆ 2014ರಲ್ಲಿ ಪ್ರಕಟವಾದ ಲೆಕ್ಕ ಬೇರೆಯದನ್ನೇ ಹೇಳಿತು: ಅವು 1,800 ಮೀಟರಿಗೂ ಆಳಕ್ಕೆ, 4 ಡಿಗ್ರಿಗಿಂತ ತಣ್ಣನೆಯ ಕತ್ತಲೆಗೆ ಧುಮುಕಿ ಮರಳುತ್ತಿದ್ದವು! ಮಿದುಳನ್ನು ಬೆಚ್ಚಗಿಡುವ ರಕ್ತನಾಳಗಳ ಜಾಲವೊಂದು ಅವುಗಳ ತಲೆಯಲ್ಲಿದೆ.

ಆದರೆ ಬಲೆಯಿಂದ ಪಾರುಮಾಡುವ ಅಂಗ ಯಾವುದೂ ಇಲ್ಲ. ಕಿವಿರಿನ ಆ ಜರಡಿಯನ್ನು ಒಣಗಿಸಿ ಮಾರುವ ವ್ಯಾಪಾರ ಚೀನಾದ ಔಷಧಿಪೇಟೆಗಳಲ್ಲಿ ಬೆಳೆಯಿತು. ತಾಯಿಯಾದರೋ ವರ್ಷದಷ್ಟು ಕಾಲ ಬಸಿರು ಹೊತ್ತು ಹೆರುವುದು ಸಾಮಾನ್ಯವಾಗಿ ಒಂದೇ ಮರಿ. 2013ರಲ್ಲಿ ಸೈಟಿಸ್ ಒಪ್ಪಂದದ ರಾಷ್ಟ್ರಗಳು ಮ್ಯಾಂಟಾದ ವ್ಯಾಪಾರಕ್ಕೆ ಕಡಿವಾಣ ಹಾಕಿದವು. ಉಳಿದ ಸೈತಾನ ತೊರಕೆಗಳು ಪಟ್ಟಿಯ ಹೊರಗುಳಿದವು. ಒಣಗಿದ ಕಿವಿರನ್ನು ಕಂಡು ಇದು ಯಾವುದರದೆಂದು ಸುಂಕದ ಕಟ್ಟೆಯವನು ಹೇಗೆ ಹೇಳಬೇಕು? ಬಂಧುಗಳನ್ನೂ ಆ ಪಟ್ಟಿಗೆ ಸೇರಿಸುವ ತೀರ್ಮಾನವಾಗಲು 2016 ಬರಬೇಕಾಯಿತು.