ಒಬ್ಬರು ಎತ್ತಿಕೊಟ್ಟರೆ



1745ರಲ್ಲಿ ಸ್ವೀಡನ್ ದೇಶದ ಓಲೋಫ್ ಡಾಲಿನ್ ಎಂಬುವರು ಒಬ್ಬ ರೋಗಿಯ ಸಂಗತಿಯನ್ನು ಬರೆದಿಟ್ಟರು. ಆತ ರೈತನ ಮಗ, ವಯಸ್ಸು 33. ಕಾಯಿಲೆ ಬಿದ್ದು ಮೈಯ ಬಲಭಾಗ ಸ್ವಾಧೀನ ತಪ್ಪಿತು, ಮಾತು ನಿಂತುಹೋಯಿತು. ಎಷ್ಟೋ ಕಾಲ ಕಳೆದ ಮೇಲೂ 'ಹೂಂ' ಎನ್ನುವುದೊಂದನ್ನು ಬಿಟ್ಟರೆ ಅವನ ಬಾಯಿಂದ ಬೇರೇನೂ ಬರುತ್ತಿರಲಿಲ್ಲ. ಹಾಗಿದ್ದೂ, ಕಾಯಿಲೆಗೆ ಮುಂಚೆ ಕಲಿತಿದ್ದ ದೇವರ ಹಾಡುಗಳನ್ನು ಮಾತ್ರ ಆರೋಗ್ಯವಂತರಷ್ಟೇ ಸ್ಪಷ್ಟವಾಗಿ ಹಾಡುತ್ತಿದ್ದ. ಡಾಲಿನ್ ಇನ್ನೂ ಒಂದು ವಿಷಯವನ್ನು ಮರೆಯದೆ ದಾಖಲಿಸಿದ್ದಾರೆ. ಶುರುವಿನಲ್ಲಿ ಯಾರಾದರೂ ಜೊತೆಗೂಡಿ ಹಾಡಿ, ಅವನಿಗೆ ಸ್ವಲ್ಪ ಎತ್ತಿಕೊಡಬೇಕಿತ್ತು.

ಸಂಗೀತದಿಂದ ಮನಸ್ಸಿಗೆ ಹಿತ, ದೇಹಕ್ಕೆ ಆರಾಮ ಎಂದು ನಾವೆಲ್ಲ ಕೇಳಿಯೇ ಇದ್ದೇವೆ. ಅದರ ಬಗ್ಗೆ ಯಾರದೂ ತಕರಾರಿಲ್ಲ. ನನ್ನ ಮನಸ್ಸು ಹೋಗಿ ನಿಲ್ಲುವುದು ಮಾತ್ರ ಡಾಲಿನ್ನರ ಆ ಕೊನೆಯ ಸಾಲಿನ ಬಳಿ. ಆ ರೋಗಿಯೊಳಗೆ ಹಾಡು ಪೂರ್ತಿ ಇತ್ತು. ಅದು ಹೊರಗೆ ಬರಲು ಪಕ್ಕದಲ್ಲಿ ಇನ್ನೊಬ್ಬರ ದನಿ ಬೇಕಿತ್ತು.

ನಮ್ಮ ಸೋದರತ್ತೆಗೆ ಲಕ್ವ ಹೊಡೆದಾಗ ಇದನ್ನು ನಾನು ಕಣ್ಣಾರೆ ಕಂಡೆ. ಬಲಗೈ, ಬಲಗಾಲು ಎರಡೂ ಸ್ವಾಧೀನದಲ್ಲಿರಲಿಲ್ಲ. ನೀರು ಬೇಕಾದರೆ ಲೋಟದ ಕಡೆ ನೋಡುತ್ತಿದ್ದರು. 'ನೀ... ನೀ...' ಎಂದು ಶುರುಮಾಡಿ, ಅಲ್ಲಿಗೇ ತಡೆದು, ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದರು. ಏನು ಹೇಳಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾವು ಆಡಿದ್ದೆಲ್ಲ ಅರ್ಥವಾಗುತ್ತಿತ್ತು. ನೋಡಲು ಬಂದವರಿಗೆ ಏನು ಮಾತಾಡಬೇಕೋ ತೋಚುತ್ತಿರಲಿಲ್ಲ. ಅತ್ತೆಯ ಎದುರಿಗೇ ಅತ್ತೆಯ ವಿಷಯವನ್ನು ನಮ್ಮ ಹತ್ತಿರ ವಿಚಾರಿಸಿ, ಹಣ್ಣಿನ ಚೀಲ ಇಟ್ಟು ಹೊರಡುತ್ತಿದ್ದರು. ಒಂದು ಸಂಜೆ ಅವರ ಭಜನಾ ಮಂಡಳಿಯ ಗೆಳತಿಯೊಬ್ಬರು ಬಂದರು. ಹೇಗಿದ್ದೀರಿ ಎಂದು ಕೇಳಲಿಲ್ಲ. ಮಂಚದ ಎಡಬದಿಗೆ ಕುರ್ಚಿ ಎಳೆದುಕೊಂಡು ಕೂತು, ಇಬ್ಬರೂ ವರ್ಷಗಟ್ಟಲೆ ಶುಕ್ರವಾರದ ಭಜನೆಯಲ್ಲಿ ಹಾಡಿದ್ದ ದೇವರನಾಮವೊಂದನ್ನು ಮೆಲ್ಲಗೆ ಎತ್ತಿದರು. ಪಲ್ಲವಿ ಎರಡನೆಯ ಸಲ ಬರುವಾಗ ಅತ್ತೆಯ ಎಡಗೈ ಹೊದಿಕೆಯ ಮೇಲೆ ತಾಳ ಹಾಕತೊಡಗಿತು. ತುಟಿ ಅಲುಗಿತು. ಆಮೇಲೆ ಗೊಗ್ಗರು ದನಿ. ಮೊದಲ ಚರಣಕ್ಕೆ ಬರುವಷ್ಟರಲ್ಲಿ ಅಕ್ಷರ ಅಕ್ಷರವೂ ಕೇಳುವ ಹಾಗೆ ಹಾಡುತ್ತಿದ್ದರು. ನಡುವೆ ಗೆಳತಿಗೇ ಸಾಲು ಮರೆತುಹೋಯಿತು. ಅತ್ತೆ ನಿಲ್ಲಲಿಲ್ಲ, ಮುಂದಕ್ಕೆ ನಡೆಸಿಕೊಂಡು ಹೋದರು.

ಹಾಡು ಮುಗಿದ ಮೇಲೆ 'ನೀರು' ಎನ್ನಲು ಹೋದರೆ ಮತ್ತೆ ಅದೇ ತೊಡಕು. ಪವಾಡವೇನೂ ನಡೆದಿರಲಿಲ್ಲ. ಆದರೆ ತನ್ನ ದನಿ ತನ್ನಲ್ಲೇ ಇದೆ ಎಂಬುದು ಆ ಸಂಜೆ ಅವರಿಗೆ ಗೊತ್ತಾಯಿತು, ನಮಗೂ ಗೊತ್ತಾಯಿತು. ಮರುದಿನದಿಂದ ವ್ಯಾಯಾಮ ಮಾಡಿಸಲು ಬರುವವರಿಗೆ ಅವರು ಮುಖ ತಿರುಗಿಸುವುದು ನಿಂತಿತು.

ಹೀಗೇಕಾಗುತ್ತದೆ? 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ಮಾತು ಕಳೆದುಕೊಂಡಿದ್ದ ರೋಗಿಯೊಬ್ಬ ತೀರಿಕೊಂಡ ಮೇಲೆ ಅವನ ಮಿದುಳನ್ನು ಪರೀಕ್ಷಿಸಿ, ಎಡಭಾಗದ ಮುಂದಿನ ತುಣುಕೊಂದು ಹಾಳಾಗಿರುವುದನ್ನು ತೋರಿಸಿಕೊಟ್ಟರು. ನಮ್ಮಲ್ಲಿ ಬಹುಪಾಲು ಜನರಿಗೆ ಮಾತು ಜೋಡಿಸಿ ಆಡುವ ಕೆಲಸ ಹೆಚ್ಚಾಗಿ ಮಿದುಳಿನ ಎಡಭಾಗದ್ದು. ಹಾಡಿಗೆ ಎರಡೂ ಭಾಗ ದುಡಿಯುತ್ತವೆ. ರಾಗ, ಲಯ, ನೆನಪು, ಭಾವ ಎಲ್ಲವೂ ಅಲ್ಲಿ ಕೂಡಿಕೊಂಡಿರುತ್ತವೆ. ಹಾಗಾಗಿ ಎಡಭಾಗಕ್ಕೆ ರಕ್ತ ಹರಿಯುವುದು ನಿಂತು ಮಾತು ಹೋದವರಲ್ಲೂ ಹಾಡು ಉಳಿದಿರಬಹುದು.

ಉಳಿದಿರುವ ಈ ಹಾಡಿನಿಂದ ಕಳೆದುಹೋದ ಮಾತನ್ನು ಮರಳಿ ತರಬಹುದೇ? 1973ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಎಂಬ ಮೂವರು ಇದಕ್ಕೊಂದು ಕ್ರಮವನ್ನೇ ರೂಪಿಸಿದರು. ಅದನ್ನು ನಮ್ಮ ಭಾಷೆಗೆ ಒಗ್ಗಿಸಿ ಹೇಳುತ್ತೇನೆ. ಕಲಿಸುವವರು ರೋಗಿಯ ಎದುರು ಕೂತು ಅವರ ಎಡಗೈ ಹಿಡಿದುಕೊಳ್ಳುತ್ತಾರೆ. 'ನೀರು ಬೇಕು' ಎಂಬ ಮಾತನ್ನು ಏರುದನಿ, ಇಳಿದನಿ ಎಂಬ ಎರಡೇ ಸ್ವರದಲ್ಲಿ ಮೊದಲು ಗುನುಗುತ್ತಾರೆ. ನೀ, ರು, ಬೇ, ಕು ಎಂದು ಅಕ್ಷರಕ್ಕೊಂದು ಸಲ ಆ ಎಡಗೈಯಿಂದ ಮೇಜು ತಟ್ಟಿಸುತ್ತಾರೆ. ಆಮೇಲೆ ಇಬ್ಬರೂ ಕೂಡಿ ಹಾಡುತ್ತಾರೆ. ಹಲವು ಸಲ ಆದ ಮೇಲೆ ಕಲಿಸುವವರು ಅರ್ಧ ದಾರಿಯಲ್ಲಿ ದನಿ ತಗ್ಗಿಸುತ್ತಾರೆ, ರೋಗಿಯೊಬ್ಬರೇ ಮುಂದುವರಿಸಬೇಕು. ಕೊನೆಗೆ 'ಏನು ಬೇಕು?' ಎಂದು ಪ್ರಶ್ನೆ ಕೇಳುತ್ತಾರೆ. ಉತ್ತರವಾಗಿ ಆ ಸಾಲು ಬರುತ್ತದೆ. ದಿನ ಕಳೆದಂತೆ ಸ್ವರ ಸವೆದು ಮಾತು ಉಳಿಯುತ್ತದೆ. ಎಲ್ಲರಿಗೂ ಇದು ಫಲಿಸುವುದಿಲ್ಲ. ಹೇಳಿದ್ದು ಅರ್ಥವಾಗಿ, ಆಡಲು ಮಾತ್ರ ಬಾರದವರಿಗೆ ಹೆಚ್ಚು ಉಪಯೋಗ. ಕೆಲಸ ಮಾಡುವುದು ರಾಗವೋ, ಲಯವೋ, ಬಾಯಿಪಾಠದ ಬಲವೋ ಎಂದು ತಜ್ಞರು ಇಂದಿಗೂ ವಾದಿಸುತ್ತಿದ್ದಾರೆ. ಕೈ ಹಿಡಿದು ಎದುರು ಕೂರುವ ಒಬ್ಬ ಮನುಷ್ಯ ಬೇಕೇ ಬೇಕು ಎಂಬುದು ಆ ಕ್ರಮದ ಪ್ರತಿ ಹೆಜ್ಜೆಯಲ್ಲೂ ಕಾಣುತ್ತದೆ.

ಲಯದ ಮಾತು ಬಂದಿದ್ದರಿಂದ ಪಾರ್ಕಿನ್ಸನ್ ಕಾಯಿಲೆಯ ಬಗ್ಗೆಯೂ ಹೇಳಬೇಕು. ಅದರಲ್ಲಿ ಕಾಲಿಗೆ ಶಕ್ತಿ ಇದ್ದರೂ ಕೆಲವೊಮ್ಮೆ ಹೆಜ್ಜೆ ಏಳುವುದಿಲ್ಲ. ರೋಗಿಗಳು ಬಾಗಿಲ ಬಳಿ ಬಂದು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾರೆ. ಹೆಜ್ಜೆಗೆ ಹೊತ್ತು ಕೊಡುವ ಮಿದುಳಿನೊಳಗಿನ ಏರ್ಪಾಡು ಡೋಪಮೈನ್ ಎಂಬ ರಾಸಾಯನಿಕದ ಕೊರತೆಯಿಂದ ಕೆಟ್ಟಿರುತ್ತದೆ. 1990ರ ದಶಕದಲ್ಲಿ ಕೊಲರಾಡೊದ ಮೈಕೆಲ್ ಥೌಟ್ ಮತ್ತು ಸಂಗಡಿಗರು ಇಂಥವರನ್ನು ಲಯ ಎದ್ದು ಕೇಳುವ ಸಂಗೀತಕ್ಕೆ ನಡೆಸಿ ನೋಡಿದರು. ನಡಿಗೆ ಚುರುಕಾಯಿತು, ಹೆಜ್ಜೆ ಉದ್ದವಾಯಿತು. ಒಳಗಿನ ಲಯ ತಪ್ಪಿದಾಗ ಹೊರಗಿನ ಲಯ ಕೈಹಿಡಿಯುತ್ತದೆ. ನಮ್ಮ ಹಳ್ಳಿಗಳಲ್ಲೂ ನಾಟಿಯ ಗದ್ದೆಯಲ್ಲಿ, ಬೀಸುಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿಕೊಂಡೇ ಕೆಲಸ ಮಾಡುತ್ತಿದ್ದರು. ಒಬ್ಬಳು ಸೊಲ್ಲೆತ್ತುತ್ತಾಳೆ, ಉಳಿದವರು ಹಿಡಿಯುತ್ತಾರೆ, ಬಾಗಿದ ಬೆನ್ನುಗಳು ಒಂದೇ ಲೆಕ್ಕದಲ್ಲಿ ಹಿಂದಕ್ಕೆ ಸರಿಯುತ್ತವೆ. ಆ ಹೆಣ್ಣುಮಕ್ಕಳಿಗೆ ಲಯ ಮೈಯ ನೋವನ್ನು ಹೊರುತ್ತದೆ ಎಂಬುದು ಗೊತ್ತಿತ್ತು.

ಬರೀ ಕೇಳುವುದರಿಂದಲೂ ಪ್ರಯೋಜನವಿದೆ. 2008ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಕ್ವ ಹೊಡೆದ 60 ಜನರನ್ನು ಮೂರು ಗುಂಪು ಮಾಡಿ ನೋಡಿದ ಅಧ್ಯಯನವೊಂದು ಪ್ರಕಟವಾಯಿತು. ಎರಡು ತಿಂಗಳು ದಿನಾ ಸಂಗೀತ ಕೇಳಿದವರಲ್ಲಿ, ಧ್ವನಿಮುದ್ರಿತ ಕಥೆ ಕೇಳಿದವರಿಗಿಂತ, ಕೇಳಲು ಏನನ್ನೂ ಕೊಡದವರಿಗಿಂತ ನೆನಪು, ಗಮನ ಚೆನ್ನಾಗಿ ಮರಳಿದವು. ಏನನ್ನೂ ಕೊಡದವರಿಗಿಂತ ಸಂಗೀತದ ಗುಂಪಿನಲ್ಲಿ ಖಿನ್ನತೆಯೂ ಕಡಿಮೆಯಿತ್ತು. ಅವರು ಕೇಳಿದ್ದು ವೈದ್ಯರು ಬರೆದುಕೊಟ್ಟ ಸಂಗೀತವನ್ನಲ್ಲ, ತಮಗೆ ಇಷ್ಟವಾದದ್ದನ್ನು. 2013ರಲ್ಲಿ ಅಮೆರಿಕದ 11 ಆಸ್ಪತ್ರೆಗಳಲ್ಲಿ, ದಿನ ತುಂಬುವ ಮುಂಚೆ ಹುಟ್ಟಿದ 272 ಕೂಸುಗಳ ಮೇಲೆ ನಡೆದ ಅಧ್ಯಯನ ಹೊರಬಂತು. ಅಪ್ಪ ಅಮ್ಮ ತಾವೇ ಆರಿಸಿಕೊಟ್ಟ ಹಾಡನ್ನು ಜೋಗುಳದ ಹಾಗೆ ನಿಧಾನಿಸಿ, ಅಲ್ಲೇ ಎದುರಿಗೆ ಹಾಡಿದಾಗ ಕೂಸಿನ ಎದೆಬಡಿತ ತಗ್ಗಿತು. ಅಪ್ಪ ಅಮ್ಮಂದಿರ ಆತಂಕವೂ ಇಳಿಯಿತು. ತೀವ್ರ ನಿಗಾ ಘಟಕದ ಗಾಜಿನ ಪೆಟ್ಟಿಗೆಯಲ್ಲಿ ಮಗುವನ್ನಿಟ್ಟು ಹೊರಗೆ ನಿಂತ ತಾಯಿಗೆ, ತಾನು ಮಾಡಬಹುದಾದದ್ದೂ ಒಂದಿದೆ ಎನ್ನುವುದಕ್ಕಿಂತ ದೊಡ್ಡ ಸಮಾಧಾನ ಯಾವುದಿದೆ?

ಇಂತಿಂಥ ರೋಗಕ್ಕೆ ಇಂತಿಂಥ ರಾಗ ಎಂಬ ಪಟ್ಟಿಗಳು ಈಗ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ. ಸಕ್ಕರೆ ಕಾಯಿಲೆಗೊಂದು ರಾಗ, ರಕ್ತದೊತ್ತಡಕ್ಕೊಂದು ರಾಗ. ಇಂಥ ಪಟ್ಟಿ ನೋಡಿ ಯಾರಾದರೂ ಮಾತ್ರೆ ಬಿಟ್ಟಾರೆಂಬ ಭಯ ನನಗಿದೆ. ದಯವಿಟ್ಟು ಬಿಡಬೇಡಿ. ರಾಗದಿಂದ ರೋಗ ವಾಸಿ ಎಂಬ ನಂಬಿಕೆ ಹಳೆಯದೇ. ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರು ಹೊಟ್ಟೆನೋವಿನಿಂದ ನರಳುತ್ತಿದ್ದ ಶಿಷ್ಯ ತಂಬಿಯಪ್ಪನಿಗಾಗಿ ಅಠಾಣ ರಾಗದಲ್ಲಿ ಬೃಹಸ್ಪತಿಯ ಮೇಲೆ ಕೃತಿ ರಚಿಸಿ ಕಲಿಸಿದರು, ಅದನ್ನು ಹಾಡಿ ಅವನ ನೋವು ವಾಸಿಯಾಯಿತು ಎಂಬ ಕಥೆಯನ್ನು ಸಂಗೀತದ ಮನೆಗಳಲ್ಲಿ ಹೇಳುತ್ತಾರೆ. ಅದನ್ನು ಕೇಳಿದವರು ಅಠಾಣದ ಮಹಿಮೆಯನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು, ಗುರುಗಳು ಎದುರು ಕೂತು ಕಲಿಸಿದ್ದು ಮತ್ತು ನೋವಿದ್ದವನು ತಾನೇ ಬಾಯಿಬಿಟ್ಟು ಹಾಡಿದ್ದು.

ಲಕ್ವದ ವಿಷಯದಲ್ಲೂ ಅಷ್ಟೇ. ಯಾರಿಗಾದರೂ ಬಾಯಿ ಸೊಟ್ಟಗಾಗಿ, ಕೈ ಜೋತುಬಿದ್ದು, ಮಾತು ತೊದಲಿದರೆ ಮೊದಲು ಆಸ್ಪತ್ರೆ. ರಕ್ತದ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹಾಡು ಆಮೇಲಿನದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಲಕ್ವದಿಂದ ಮಾತು ಹೋದವರಿಗೆ ಅಲ್ಲಿ ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ಸಂಬಂಧವನ್ನು ಅಭ್ಯಾಸ ಮಾಡಲೆಂದೇ ಪ್ರಯೋಗಾಲಯವಿದೆ. ಇಂಥಲ್ಲಿಗೆ ಹೋಗುವಾಗ ರಿಪೋರ್ಟುಗಳ ಜೊತೆಗೆ, ರೋಗಿಗೆ ಬಾಯಿಪಾಠವಾಗಿರುವ ಹಾಡುಗಳು ಯಾವುವು ಎಂಬುದನ್ನೂ ಬರೆದುಕೊಂಡು ಹೋಗಿ.

ಆ ಹಾಡುಗಳು ಯಾವುವೆಂದು ಎಷ್ಟೋ ಸಲ ಮನೆಯವರಿಗೇ ಗೊತ್ತಿರುವುದಿಲ್ಲ, ಅದೇ ಕಷ್ಟ. ಸಿನಿಮಾ ಹಾಡಾದರೆ ಫೋನಿನಲ್ಲಿ ಹುಡುಕಬಹುದು, ದೇವರನಾಮವೂ ಸಿಗುತ್ತದೆ. ಆದರೆ ಅಜ್ಜಿ ತವರಿನಿಂದ ತಂದ ಹಸೆಹಾಡು, ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವಾಗ ಹೇಳಿದ ಪದ, ಸೋಬಾನೆ, ಆ ಊರಿನ ಧಾಟಿಯಲ್ಲಿ ಸಾಮಾನ್ಯವಾಗಿ ಎಲ್ಲೂ ಧ್ವನಿಮುದ್ರಣವಾಗಿರುವುದಿಲ್ಲ. ಅವು ಇರುವುದು ಅವರೊಬ್ಬರ ಗಂಟಲಲ್ಲಿ. ಅವರ ಮಾತು ನೆಟ್ಟಗಿರುವಾಗಲೇ, ಇವತ್ತೋ ನಾಳೆಯೋ, ಪಕ್ಕದಲ್ಲಿ ಕೂತು ಒಂದೆರಡನ್ನು ಹೇಳಿಸಿಕೊಳ್ಳಿ. ಫೋನಿನಲ್ಲಿ ಹಿಡಿದಿಡಿ, ನೀವೂ ಬಾಯಿಗೆ ತಂದುಕೊಳ್ಳಿ. ನಮ್ಮ ದನಿ ಚೆನ್ನಾಗಿಲ್ಲ ಎಂಬ ಸಂಕೋಚ ಬೇಡ. ಎತ್ತಿಕೊಡುವವರಿಗೆ ಮೊದಲ ಸಾಲು ಬಂದರೆ ಸಾಕು.