ಉಪಚುನಾವಣೆಗೆ ಯಾವ ಪುಟ?

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಒಂದು ಚುನಾವಣಾ ಕೈಪಿಡಿ ಬೇಕು, ಈ ಥಾಣೆ ಸೀಮೆಯ ವಿಷಯವೂ ನಮ್ಮ ನಮ್ಮ ಊರುಗಳ ವಿಷಯವೂ ಅದರಲ್ಲಿ ಒಂದೇ ಕಡೆ ಸಿಗಬೇಕು ಎಂದು ಸಮಿತಿಯವರು ನಿಶ್ಚಯಿಸಿದ್ದಾರೆ. ಸಾರ್ವತ್ರಿಕ ಚುನಾವಣೆಗಳ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಹುಟ್ಟಿರುವುದು ನಡುವೆ ಬರುವ ಉಪಚುನಾವಣೆಗಳಿಂದ. ಅವನ್ನು ಬಿಟ್ಟೇ ಬಿಡೋಣ ಎಂದು ಕೆಲವರು; ಕೊನೆಯ ಪುಟಗಳಲ್ಲಿ ಇಸವಿವಾರು ಸೇರಿಸೋಣ ಎಂದು ಕೆಲವರು; ಆಯಾ ಸಭೆಯ ಅವಧಿಯಲ್ಲೇ ಬರೆಯೋಣ ಎಂದು ಮತ್ತೆ ಕೆಲವರು. ಈ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ.

ಇದು ಬರಿಯ ದಫ್ತರದ ಪ್ರಶ್ನೆಯೆಂದು ತೋರಬಹುದು. ಆದರೆ ಕೈಪಿಡಿಯನ್ನು ಬಿಡಿಸುವವನು ಏನು ಕೇಳಿಕೊಂಡು ಬರುತ್ತಾನೆ ಎಂಬುದನ್ನು ಯೋಚಿಸಿ. "ಇಂಥ ದಿನ ಈ ಊರಿನ ಪ್ರತಿನಿಧಿ ಯಾರಾಗಿದ್ದರು?" ಎಂದು ಕೇಳಿಕೊಂಡು ಬರುತ್ತಾನೆ. ಅದಕ್ಕೆ ತಪ್ಪಿಲ್ಲದೆ ಉತ್ತರ ಕೊಡುವ ಪುಸ್ತಕವೇ ಕೈಪಿಡಿ; ಉಳಿದದ್ದು ಬರಿಯ ಕಾಗದ.

ಮೊದಲು ನಮ್ಮ ಕಾಲಬುಡದ ಉದಾಹರಣೆಯನ್ನೇ ನೋಡೋಣ. 2004ರಲ್ಲಿ ಥಾಣೆ ಲೋಕಸಭಾ ಕ್ಷೇತ್ರದಿಂದ ಶಿವಸೇನೆಯ ಪ್ರಕಾಶ ಪರಾಂಜಪೆಯವರು ಆರಿಸಿ ಬಂದರು. 2008ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ನಡೆದ ಉಪಚುನಾವಣೆಯಲ್ಲಿ ಅವರ ಮಗ ಆನಂದ ಪರಾಂಜಪೆಯವರು ರಾಷ್ಟ್ರವಾದಿ ಕಾಂಗ್ರೆಸ್ಸಿನ ಸಂಜೀವ ನಾಯಿಕರನ್ನು ಸೋಲಿಸಿ ಗೆದ್ದರು. ಆಗ ಕಲ್ಯಾಣ್, ಡೊಂಬಿವಲಿ, ನವಿಮುಂಬಯಿ ಎಲ್ಲವೂ ಥಾಣೆ ಕ್ಷೇತ್ರದ ಒಳಗೇ ಇದ್ದವು. ಮುಂದೆ ಕ್ಷೇತ್ರಗಳ ಪುನರ್ವಿಂಗಡಣೆಯಾಗಿ, 2009ರಲ್ಲಿ ಕಲ್ಯಾಣ್ ಪ್ರತ್ಯೇಕ ಕ್ಷೇತ್ರವಾಯಿತು. ಆ ಚುನಾವಣೆಯಲ್ಲಿ ಆನಂದರು ಕಲ್ಯಾಣ್‌ನಿಂದ ಗೆದ್ದರು. ಸಂಜೀವ ನಾಯಿಕರು ಥಾಣೆಯಿಂದ ಗೆದ್ದರು.

ಈಗ ಉಪಚುನಾವಣೆಯನ್ನು ಬಿಟ್ಟು ಪಟ್ಟಿ ಮಾಡಿದರೆ ಏನಾಗುತ್ತದೆ? 2008ರ ಜೂನ್‌ನಲ್ಲಿ ಡೊಂಬಿವಲಿಗೆ ಬಂದಿಳಿದ ನಮ್ಮವನೊಬ್ಬನು ಆಗಿನ ತನ್ನ ಸಂಸದ ಯಾರೆಂದು ಹುಡುಕಿದರೆ, ತೀರಿಹೋದವರ ಹೆಸರು ಸಿಗುತ್ತದೆ. "ಕಲ್ಯಾಣ್" ಎಂಬ ತಲೆಬರಹದಲ್ಲಿ ಹುಡುಕಿದರೆ 2009ಕ್ಕೆ ಮೊದಲು ಏನೂ ಸಿಗುವುದಿಲ್ಲ. ಆದ್ದರಿಂದ ಉಪಚುನಾವಣೆಯನ್ನೂ ಬರೆಯಬೇಕು; "ಕಲ್ಯಾಣ್: 2009ರ ಹಿಂದಿನದಕ್ಕೆ ಥಾಣೆ ನೋಡಿ" ಎಂದು ದಾರಿಯನ್ನೂ ತೋರಿಸಬೇಕು.

ಊರ ಕಡೆಯ ಉದಾಹರಣೆ ಇನ್ನೂ ದೊಡ್ಡದು. ಚಿಕ್ಕಮಗಳೂರು ಕ್ಷೇತ್ರವನ್ನು ಡಿ. ಬಿ. ಚಂದ್ರೇಗೌಡರು ತೆರವು ಮಾಡಿದ ಮೇಲೆ, 1978ರ ನವೆಂಬರ್‌ನಲ್ಲಿ ಅಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರ ಎದುರು ಗೆದ್ದರು. ಡಿಸೆಂಬರ್‌ನಲ್ಲಿ ಲೋಕಸಭೆ ಅವರನ್ನು ಹೊರಹಾಕಿತು. ಬರಿಯ ಸಾರ್ವತ್ರಿಕ ಚುನಾವಣೆಗಳ ಪಟ್ಟಿಯಲ್ಲಿ ಚಿಕ್ಕಮಗಳೂರಿನ ಕೆಳಗೆ ಅವರ ಹೆಸರೇ ಬರುವುದಿಲ್ಲ. ದೇಶವೆಲ್ಲ ನೋಡಿದ ಚುನಾವಣೆಗೆ ಒಂದು ಸಾಲೂ ಇಲ್ಲದ ಪುಸ್ತಕವನ್ನು ಯಾರು ನಂಬುತ್ತಾರೆ?

ಹಾಗಾದರೆ ಇಸವಿವಾರು ಅನುಬಂಧ ಸಾಲದೇ? ಸಾಲದು. 1967ರಲ್ಲಿ ಮುಂಬಯಿ ಈಶಾನ್ಯ ಕ್ಷೇತ್ರದಲ್ಲಿ ವಿ. ಕೆ. ಕೃಷ್ಣ ಮೆನನ್ನರನ್ನು ಎಸ್. ಜಿ. ಬರ್ವೆಯವರು ಸೋಲಿಸಿದರು. ಕೆಲವೇ ದಿನಗಳಲ್ಲಿ ಬರ್ವೆಯವರು ತೀರಿಕೊಂಡರು. ಅದೇ ವರ್ಷ ಉಪಚುನಾವಣೆ ನಡೆದು, ಅವರ ಸೋದರಿ ತಾರಾ ಸಪ್ರೆಯವರು ಮೆನನ್ನರನ್ನು ಮತ್ತೆ ಸೋಲಿಸಿದರು. "1967, ಮುಂಬಯಿ ಈಶಾನ್ಯ" ಎಂದಷ್ಟೇ ಬರೆದರೆ ಯಾವ ಚುನಾವಣೆ ಎಂದು ತಿಳಿಯುವುದು ಹೇಗೆ? ತಾರೀಖು ಒಂದೇ ಇದ್ದರೂ ಸಾಲದು. 2019ರ ಅಕ್ಟೋಬರ್ 21ರಂದು ಡೊಂಬಿವಲಿಯಲ್ಲಿ ಮತ ಹಾಕಿದ್ದು ಮಹಾರಾಷ್ಟ್ರ ವಿಧಾನಸಭೆಯ ಸಾರ್ವತ್ರಿಕ ಚುನಾವಣೆಗೆ. ಅದೇ ದಿನ ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಮತ ಹಾಕಿದ್ದು ಉಪಚುನಾವಣೆಗೆ.

ಕರ್ನಾಟಕದಲ್ಲಿ 2019ರ ಜುಲೈನಲ್ಲಿ 17 ಶಾಸಕರು ಅನರ್ಹರಾದರು. ಅವರಿಂದ ತೆರವಾದ ಸ್ಥಾನಗಳಲ್ಲಿ 15ಕ್ಕೆ 2019ರ ಡಿಸೆಂಬರ್ 5ರಂದು, ಬೆಂಗಳೂರಿನ ರಾಜರಾಜೇಶ್ವರಿನಗರಕ್ಕೆ 2020ರ ನವೆಂಬರ್ 3ರಂದು, ಮಸ್ಕಿಗೆ 2021ರ ಏಪ್ರಿಲ್ 17ರಂದು ಮತದಾನವಾಯಿತು. ಕಾರಣ ಒಂದು, ಇಸವಿ ಮೂರು. ಇಸವಿವಾರು ಬರೆದರೆ ಒಂದೇ ಕಥೆ ಮೂರು ಪುಟಗಳಿಗೆ ಚೆದರುತ್ತದೆ. "15ನೆಯ ವಿಧಾನಸಭೆ, 2018-2023" ಎಂಬ ತಲೆಬರಹದಲ್ಲಿ ಬರೆದರೆ ಹದಿನೇಳೂ ಒಟ್ಟಿಗೆ ನಿಲ್ಲುತ್ತವೆ. ಉಪಚುನಾವಣೆಯಲ್ಲಿ ಗೆದ್ದವರು ಸೇರುವುದು ಅದೇ ಸಭೆಯನ್ನು. ಅವರಿಗೆ ಸಿಗುವುದು ಉಳಿದ ಅವಧಿ ಮಾತ್ರ. ಆದಕಾರಣ ಸಭೆಯ ಪುಟವೇ ಅವರ ಪುಟ.

ಇನ್ನೊಂದು ಎಚ್ಚರಿಕೆ ಬೇಕು. ತಡವಾಗಿ ನಡೆದದ್ದೆಲ್ಲ ಉಪಚುನಾವಣೆಯಲ್ಲ. 2018ರ ಮೇ 12ರಂದು ಕರ್ನಾಟಕದಲ್ಲಿ ಮತದಾನವಾದಾಗ ಎರಡು ಕ್ಷೇತ್ರಗಳು ಹಿಂದುಳಿದವು. ಜಯನಗರದಲ್ಲಿ ಅಭ್ಯರ್ಥಿಯಾಗಿದ್ದ ಬಿ. ಎನ್. ವಿಜಯಕುಮಾರರು ತೀರಿಕೊಂಡಿದ್ದರಿಂದ ಜೂನ್ 11ರಂದು, ರಾಜರಾಜೇಶ್ವರಿನಗರದಲ್ಲಿ ಮತದಾರರ ಗುರುತಿನ ಚೀಟಿಗಳು ರಾಶಿಯಾಗಿ ಸಿಕ್ಕಿದ್ದರಿಂದ ಮೇ 28ರಂದು ಮತದಾನ ನಡೆಯಿತು. ಅಲ್ಲಿ ಯಾವ ಸದಸ್ಯನೂ ಸ್ಥಾನ ತೆರವು ಮಾಡಿರಲಿಲ್ಲ. ಮುಂದಕ್ಕೆ ಹೋದದ್ದು ಸಾರ್ವತ್ರಿಕ ಚುನಾವಣೆಯೇ. ರಾಜರಾಜೇಶ್ವರಿನಗರದಲ್ಲಿ 2018ರಲ್ಲೂ 2020ರಲ್ಲೂ ಗೆದ್ದವರು ಮುನಿರತ್ನ ಒಬ್ಬರೇ. ಮೊದಲು ಕಾಂಗ್ರೆಸ್ಸಿನಿಂದ, ಆಮೇಲೆ ಭಾರತೀಯ ಜನತಾ ಪಕ್ಷದಿಂದ. ಮೊದಲನೆಯದು ಮುಂದೂಡಿದ ಮತದಾನ, ಎರಡನೆಯದು ಉಪಚುನಾವಣೆ. ಎರಡಕ್ಕೂ "ಮರುಚುನಾವಣೆ" ಎಂದು ಬರೆದುಬಿಟ್ಟರೆ ಓದುಗನಿಗೆ ವಂಚನೆಯಾಗುತ್ತದೆ.

ಕೊನೆಯದಾಗಿ, ಖಾಲಿ ಬಿದ್ದ ಸ್ಥಾನಗಳ ಮಾತು. ಸ್ಥಾನ ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕೆಂದು 1951ರ ಜನಪ್ರಾತಿನಿಧ್ಯ ಕಾಯಿದೆಯ 151ಎ ಕಲಮು ಹೇಳುತ್ತದೆ. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಕಟ್ಟಳೆಯಿಲ್ಲ. ಬಳ್ಳಾರಿ, ಶಿವಮೊಗ್ಗ, ಮಂಡ್ಯ ಲೋಕಸಭಾ ಸ್ಥಾನಗಳು 2018ರ ಮೇ ತಿಂಗಳಲ್ಲಿ ತೆರವಾದವು. ಆ ಲೋಕಸಭೆಯ ಅವಧಿ 2019ರ ಜೂನ್ 3ರವರೆಗೆ ಇತ್ತು. ಕೆಲವೇ ದಿನಗಳ ಅಂತರದಿಂದ ಒಂದು ವರ್ಷ ಮೀರಿದ್ದರಿಂದ ನವೆಂಬರ್ 3ರಂದು ಅಲ್ಲಿ ಉಪಚುನಾವಣೆ ನಡೆಯಿತು. ಆಂಧ್ರದ ಐದು ಸ್ಥಾನಗಳು ತೆರವಾದದ್ದು ಜೂನ್ 20ರಂದು, ಅಲ್ಲಿ ನಡೆಯಲಿಲ್ಲ. ಪುಣೆಯ ಕಥೆಯೇ ಬೇರೆ. ಅಲ್ಲಿನ ಸಂಸದ ಗಿರೀಶ ಬಾಪಟರು 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಉಪಚುನಾವಣೆ ನಡೆಸಿರೆಂದು ಮುಂಬಯಿ ಹೈಕೋರ್ಟು ಡಿಸೆಂಬರ್‌ನಲ್ಲಿ ಆಜ್ಞೆ ಮಾಡಿತು; 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಪುಣೆಯವರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಲೋಕಸಭೆಯಲ್ಲಿ ಪ್ರತಿನಿಧಿಯೇ ಇರಲಿಲ್ಲ. ಚುನಾವಣೆ ನಡೆಯಲಿಲ್ಲವೆಂದು ಸಾಲನ್ನು ಬಿಡಬಾರದು. "ಸ್ಥಾನ ಖಾಲಿ" ಎಂದೇ ಬರೆಯಬೇಕು. ಅದೂ ಜನರು ತಿಳಿಯಬೇಕಾದ ಸಂಗತಿ.

ಆದ್ದರಿಂದ ನನ್ನ ಸಲಹೆ ಇಷ್ಟು: ಸಭೆಯ ಅವಧಿಯೇ ಅಧ್ಯಾಯವಾಗಲಿ, ಅದರೊಳಗೆ ಕ್ಷೇತ್ರಗಳು ಅಕಾರಾದಿಯಾಗಿ ಬರಲಿ. ಪ್ರತಿ ಉಪಚುನಾವಣೆಗೆ ಹೋದವರ ಹೆಸರು, ತೆರವಾದ ತಾರೀಖು, ಕಾರಣ, ಮತದಾನದ ತಾರೀಖು, ಬಂದವರ ಹೆಸರು, ಹೀಗೆ ಐದು ಮನೆಗಳಿರಲಿ. ಇಸವಿ ಹಿಡಿದು ಹುಡುಕುವವರಿಗೆ ಕೊನೆಯಲ್ಲಿ ಪುಟಸಂಖ್ಯೆಯ ಸೂಚಿ ಸಾಕು.

ಬಂಧುಗಳೇ, ಉಪಚುನಾವಣೆಯಲ್ಲಿ ಗೆದ್ದವರು ಆರು ತಿಂಗಳೇ ಇದ್ದಿರಬಹುದು, ಆರು ವಾರವೇ ಇದ್ದಿರಬಹುದು. ಆ ದಿನ ಸಾಲಿನಲ್ಲಿ ನಿಂತು ಹಾಕಿದ ಮತದ ತೂಕ ಮಾತ್ರ ಕಡಿಮೆಯಾಗುವುದಿಲ್ಲ. ಊರು ಬಿಟ್ಟು ಬಂದ ನಾವು ಒಂದು ಮತದಾರರ ಪಟ್ಟಿಯಿಂದ ಹೆಸರು ತೆಗೆಸಿ ಇನ್ನೊಂದರಲ್ಲಿ ಬರೆಸಿಕೊಂಡವರು. ಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಹೋದರೆ ಏನಾಗುತ್ತದೆ ಎಂಬುದನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಭಾನುವಾರಗಳಲ್ಲಿ ಬಿಡುವಿದ್ದವರು ಬಂದು ತಂತಮ್ಮ ತಾಲ್ಲೂಕಿನ ಪುಟವನ್ನು ತುಂಬಿಸಿಕೊಡಬೇಕೆಂದು ಬೇಡಿಕೊಂಡು, ನನ್ನ ಮಾತನ್ನು ಮುಗಿಸುತ್ತೇನೆ.